ಕೇಡಿನ ಪ್ರಶ್ನೆಗೆ ನಮ್ಮ ಹೊಳೆಯ ದಡದ ಮೂರು ಉತ್ತರಗಳು

(ಅಂತಿಮ ಬಿ.ಎ. ವಿದ್ಯಾರ್ಥಿ, ಸೋಸಲೆ)

ಪೀಠಿಕೆ

ದೇವರು ಒಳ್ಳೆಯವನು, ದೇವರು ಸರ್ವಶಕ್ತನು, ಆದರೂ ಲೋಕದಲ್ಲಿ ಕೇಡು ಇದೆ. ಈ ಮೂರು ಮಾತುಗಳಲ್ಲಿ ಯಾವ ಎರಡನ್ನಾದರೂ ಒಟ್ಟಿಗೆ ನಂಬುವುದು ಸುಲಭ. ಮೂರನ್ನೂ ಒಟ್ಟಿಗೆ ನಂಬುವುದು ಕಷ್ಟ. ಒಳ್ಳೆಯವನೂ ಶಕ್ತನೂ ಆದವನು ಕೇಡನ್ನು ತಡೆಯಬೇಕಾಗಿತ್ತು. ತಡೆಯಲಿಲ್ಲವೆಂದರೆ ಅವನಿಗೆ ಮನಸ್ಸಿಲ್ಲ ಎನ್ನಬೇಕು, ಇಲ್ಲವೆ ಶಕ್ತಿಯಿಲ್ಲ ಎನ್ನಬೇಕು. ಗ್ರೀಸಿನ ಎಪಿಕ್ಯೂರಸನ ಹೆಸರಿನಲ್ಲಿ ಬಂದಿರುವ ಈ ತರ್ಕವು ಎರಡು ಸಾವಿರ ವರ್ಷಗಳಿಂದಲೂ ಧರ್ಮಶಾಸ್ತ್ರಜ್ಞರ ನಿದ್ದೆ ಕೆಡಿಸಿದೆ.

ನಮ್ಮ ದೇಶದ ದಾರ್ಶನಿಕರು ಈ ಪ್ರಶ್ನೆಯನ್ನು ಕಾಣದವರಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಸೃಷ್ಟಿಕರ್ತನ ಮೇಲೆ ಎರಡು ಆಪಾದನೆಗಳನ್ನು ಎತ್ತಿ ಚರ್ಚಿಸಲಾಗಿದೆ. ಒಂದು ವೈಷಮ್ಯ, ಎಂದರೆ ಪಕ್ಷಪಾತ. ಒಬ್ಬನಿಗೆ ಸುಖವನ್ನೂ ಇನ್ನೊಬ್ಬನಿಗೆ ದುಃಖವನ್ನೂ ಕೊಟ್ಟನಲ್ಲ ಎಂಬುದು. ಇನ್ನೊಂದು ನೈರ್ಘೃಣ್ಯ, ಎಂದರೆ ನಿರ್ದಯತೆ. ಇಷ್ಟು ನೋವನ್ನು ನೋಡಿಕೊಂಡು ಸುಮ್ಮನಿದ್ದಾನಲ್ಲ ಎಂಬುದು. ಗ್ರಂಥಗಳನ್ನು ಓದದವರೂ ಈ ಎರಡು ಆಪಾದನೆಗಳನ್ನು ಬಲ್ಲರು. ಸಾವಿನ ಮನೆಯ ಜಗುಲಿಯ ಮೇಲೆ ಕುಳಿತವರು “ಆ ದೇವರಿಗೆ ಕಣ್ಣಿಲ್ಲವೆ?” ಎಂದು ಕೇಳುವುದು ಇದನ್ನೇ ಅಲ್ಲವೆ?

ನೀತಿಶಾಸ್ತ್ರಜ್ಞರು ಕೇಡನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಮನುಷ್ಯನ ಕೈವಾಡವಿಲ್ಲದೆ ಬರುವುದು ಪ್ರಾಕೃತಿಕ ಕೇಡು. 1924ರಲ್ಲಿ ಕಾವೇರಿಗೆ ಬಂದ ಮಹಾಪ್ರವಾಹ, 2019ರ ಆಗಸ್ಟ್ ತಿಂಗಳಲ್ಲಿ ನಂಜನಗೂಡನ್ನು ನುಗ್ಗಿದ ಕಪಿಲೆಯ ನೆರೆ, ಈ ಜಾತಿಗೆ ಸೇರಿದುವು. ಮನುಷ್ಯನು ತಿಳಿದೂ ತಿಳಿದೂ ಮಾಡುವುದು ನೈತಿಕ ಕೇಡು. ಕೊಲೆ, ವಂಚನೆ, ತುಳಿತ ಈ ಜಾತಿಗೆ ಸೇರಿದುವು. ದೇವರ ಮೇಲಿನ ಆಪಾದನೆಗೆ ಎರಡೂ ಸಾಮಗ್ರಿಯನ್ನು ಒದಗಿಸುತ್ತವೆ.

ಈ ವಿಷಯವನ್ನು ಪಾಶ್ಚಾತ್ಯ ಗ್ರಂಥಗಳಿಂದಲೇ ಆರಂಭಿಸಿ ಬರೆಯಬಹುದಾಗಿತ್ತು. ಆದರೆ ನನ್ನ ಊರು ಸೋಸಲೆ. ನಂಜನಗೂಡಿನ ಪಕ್ಕದಲ್ಲಿ ಹರಿದು ಬರುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಸಂಗಮದ ನೆರೆಯಲ್ಲಿ ಸೋಸಲೆಯಿದೆ. ಕೂಡಿದ ಹೊಳೆಯು ಮುಂದೆ ತಲಕಾಡಿಗೆ ಹೋಗುತ್ತದೆ. ಈ ಮೂರು ಊರುಗಳೂ ಕೇಡಿನ ಪ್ರಶ್ನೆಗೆ ಒಂದೊಂದು ಉತ್ತರವನ್ನು ಇಟ್ಟುಕೊಂಡಿವೆ. ತಲಕಾಡಿನದು ಶಾಪದ ಉತ್ತರ. ಸೋಸಲೆಯದು ಸ್ವಭಾವ ಮತ್ತು ಕರ್ಮಗಳ ಉತ್ತರ. ನಂಜನಗೂಡಿನದು ನಂಜಿನ ಉತ್ತರ. ಈ ಮೂರನ್ನೂ ಯಥಾಶಕ್ತಿ ಪರಿಶೀಲಿಸಿ, ನೀತಿಯ ದೃಷ್ಟಿಯಿಂದ ಯಾವುದು ಎಲ್ಲಿಯವರೆಗೆ ನಿಲ್ಲುತ್ತದೆಂದು ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ತಲಕಾಡಿನ ಉತ್ತರ: ಶಾಪ

ಕಥೆಯು ವಾಚಕರಿಗೆಲ್ಲ ತಿಳಿದದ್ದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನ ಪತ್ನಿ ಅಲಮೇಲಮ್ಮನು ತಲಕಾಡಿನ ಕಡೆಗೆ ಬಂದಿದ್ದಳು. ಅವಳ ಬಳಿಯಿದ್ದ ಒಡವೆಗಳಿಗಾಗಿ ಆಳುಗಳನ್ನು ಕಳುಹಿಸಿದಾಗ ಅವಳು ನೊಂದು, ಶಪಿಸಿ, ಮಾಲಂಗಿಯ ಬಳಿ ಕಾವೇರಿಯ ಮಡುವಿಗೆ ಹಾರಿಕೊಂಡಳೆಂದು ಐತಿಹ್ಯ. ತಲಕಾಡು ಮರಳಾಗಬೇಕು, ಮಾಲಂಗಿ ಮಡುವಾಗಬೇಕು, ಮೈಸೂರಿನ ದೊರೆಗಳಿಗೆ ಮಕ್ಕಳಾಗಬಾರದು ಎಂಬುದು ಆ ಶಾಪದ ತಿರುಳು. ಅಲಮೇಲಮ್ಮನ ವಿಗ್ರಹಕ್ಕೆ ಮೈಸೂರು ಅರಮನೆಯಲ್ಲಿ ಪೂಜೆ ನಡೆದುಕೊಂಡು ಬಂದಿದೆ. 2017ರಲ್ಲಿ ರಾಜಮನೆತನದಲ್ಲಿ ಮಗು ಹುಟ್ಟಿದಾಗ, ಶಾಪವು ತೀರಿತೆಂದು ಜನರು ಮಾತನಾಡಿಕೊಂಡರು. ನಾಲ್ಕು ನೂರು ವರ್ಷಗಳ ಮೇಲೂ ಒಂದು ಹೆಣ್ಣಿನ ನೋವು ಜನರ ಮಾತಿನಲ್ಲಿ ಬದುಕಿದೆಯೆಂದರೆ, ಅದು ಬರಿಯ ಕಟ್ಟುಕಥೆಯೆಂದು ತಳ್ಳಿಹಾಕುವಂಥದ್ದಲ್ಲ.

ಈ ಉತ್ತರದಲ್ಲಿ ಒಂದು ದೊಡ್ಡ ಗುಣವಿದೆ. ಬಲವಂತನು ಮಾಡಿದ ಅನ್ಯಾಯಕ್ಕೂ ಲೆಕ್ಕವುಂಟು ಎಂದು ಅದು ಸಾರುತ್ತದೆ. ಸೈನ್ಯವಿಲ್ಲದವಳು, ದೂರು ಹೇಳಿಕೊಳ್ಳಲು ನ್ಯಾಯಸ್ಥಾನವಿಲ್ಲದವಳು, ಅವಳ ಮಾತೊಂದೇ ಅರಸುಮನೆತನದ ಬೆನ್ನು ಹತ್ತಿತು ಎಂದು ನಂಬಿದ ಹಳ್ಳಿಯ ಜನರು, ಗೆದ್ದವನೇ ಸರಿಯೆಂದು ಒಪ್ಪಲಿಲ್ಲ. ಕೇಡು ಮಾಡಿದವನ ಸಾವಿನೊಡನೆ ಕೇಡು ಮುಗಿಯುವುದಿಲ್ಲ ಎಂಬುದೂ ಅನುಭವಕ್ಕೆ ದೂರವಾದ ಮಾತಲ್ಲ. ತಂದೆಯ ಕುಡಿತದ ಸಾಲವನ್ನು ಮಗ ತೀರಿಸುವುದನ್ನು ನಾವು ನೋಡಿಲ್ಲವೆ?

ಆದರೆ ದೋಷವೂ ಅಷ್ಟೇ ದೊಡ್ಡದು. ಒಡವೆಗೆ ಆಸೆಪಟ್ಟವರು ಅರಮನೆಯವರು. ಮರಳು ಬಿದ್ದದ್ದು ತಲಕಾಡಿನ ಒಕ್ಕಲು ಮಕ್ಕಳ ಮನೆಯ ಮೇಲೆ. ಅವರು ಮಾಡಿದ ತಪ್ಪೇನು? ಇನ್ನೂ ಹುಟ್ಟದ ಪೀಳಿಗೆಗಳು ಮಾಡಿದ ತಪ್ಪೇನು? ತಂದೆಯ ಪಾಪವನ್ನು ಮಗ ಹೊರಬೇಕಾಗಿಲ್ಲವೆಂದು ಯೆಹೂದ್ಯರ ಪ್ರವಾದಿಯಾದ ಎಜೆಕಿಯೇಲನು ಬಹು ಹಿಂದೆಯೇ ತನ್ನ ಜನರಿಗೆ ಸಾರಿದನು. ಮಾಡಿದವನೇ ಹೊಣೆ ಎಂಬ ಈ ತತ್ತ್ವವಿಲ್ಲದೆ ನೀತಿಯೆಂಬುದು ನಿಲ್ಲಲಾರದು. ಶಾಪದ ಉತ್ತರವು ಈ ತತ್ತ್ವವನ್ನು ಮುರಿಯುತ್ತದೆ.

ಇನ್ನೊಂದು ಮಾತು. ತಲಕಾಡಿನ ಮರಳಿಗೆ ವಿದ್ವಾಂಸರು ಬೇರೆ ಕಾರಣವನ್ನೂ ತೋರಿಸಿದ್ದಾರೆ. ಮಾಧವ ಮಂತ್ರಿಯ ಹೆಸರಿನ ಹಳೆಯ ಅಣೆಕಟ್ಟಿನಿಂದ ಹೊಳೆಯ ಹರಿವು ಬದಲಾಯಿತು, ಪಾತ್ರದ ಮರಳು ಬಯಲಾಗಿ ಗಾಳಿಗೆ ಊರಿನ ಮೇಲೆ ಏರಿತು ಎಂಬುದು ಅವರ ಅಭಿಪ್ರಾಯ. ಶಾಪವನ್ನು ನಂಬಿ ಕುಳಿತವನು ಮರಳನ್ನು ತಡೆಯಲು ಮರ ನೆಡಲಾರನು. ಈ ಅಂಶವನ್ನು ಮುಂದೆ ಮತ್ತೆ ಎತ್ತಿಕೊಳ್ಳೋಣ.

ಸೋಸಲೆಯ ಉತ್ತರ: ಸ್ವಭಾವ ಮತ್ತು ಕರ್ಮ

ಮಾಡಿದವನೇ ಉಣ್ಣಬೇಕು ಎಂಬ ತತ್ತ್ವವನ್ನು ಬಿಗಿಯಾಗಿ ಹಿಡಿದದ್ದು ಎರಡನೆಯ ಉತ್ತರ. ಮಧ್ವಾಚಾರ್ಯರ ದ್ವೈತಮತದ ಪ್ರಮುಖ ಪೀಠಗಳಲ್ಲಿ ಒಂದಾದ ವ್ಯಾಸರಾಜ ಮಠವು ನಮ್ಮ ಊರಿನ ಹೆಸರನ್ನು ಹೊತ್ತಿದೆ. ಆ ಪರಂಪರೆಯ ಮಹಾಪುರುಷರಾದ ವ್ಯಾಸತೀರ್ಥರು ಇದೇ ತಾಲ್ಲೂಕಿನ ಬನ್ನೂರಿನಲ್ಲಿ ಹುಟ್ಟಿ, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ವ್ಯಾಸಂಗಮಾಡಿ, ವಿಜಯನಗರದಲ್ಲಿ ಮನ್ನಣೆ ಪಡೆದು, 1539ರಲ್ಲಿ ದೇಹಬಿಟ್ಟರು. ಆನೆಗೊಂದಿಯ ಬಳಿಯ ನವಬೃಂದಾವನದಲ್ಲಿ ಅವರ ಬೃಂದಾವನವಿದೆ. ‘ನ್ಯಾಯಾಮೃತ’, ‘ತಾತ್ಪರ್ಯಚಂದ್ರಿಕಾ’, ‘ತರ್ಕತಾಂಡವ’ ಎಂಬ ಅವರ ಮೂರು ಗ್ರಂಥಗಳು ವ್ಯಾಸತ್ರಯವೆಂದು ಪ್ರಸಿದ್ಧವಾಗಿವೆ.

ಈ ಮತದ ಉತ್ತರವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಭಗವಂತನೊಬ್ಬನೇ ಸ್ವತಂತ್ರನು, ಉಳಿದುದೆಲ್ಲವೂ ಅವನ ಅಧೀನ. ಆದರೆ ಜೀವರನ್ನು ಅವನು ಇಲ್ಲದ ಕಡೆಯಿಂದ ಹೊಸದಾಗಿ ಉಂಟುಮಾಡಿದವನಲ್ಲ. ಜೀವರು ಅನಾದಿಗಳು, ಅವರ ಕರ್ಮವೂ ಅನಾದಿ, ಒಬ್ಬೊಬ್ಬ ಜೀವನಿಗೂ ತನ್ನದೇ ಆದ ಸ್ವಭಾವವುಂಟು, ಯೋಗ್ಯತೆಯುಂಟು. ಮುಕ್ತಿಗೆ ಯೋಗ್ಯರು ಕೆಲವರು, ಸಂಸಾರದಲ್ಲಿಯೇ ಸುತ್ತತಕ್ಕವರು ಕೆಲವರು, ತಮಸ್ಸಿಗೆ ಯೋಗ್ಯರು ಕೆಲವರು. ಅವರವರ ಸ್ವಭಾವ, ಕರ್ಮ, ಪ್ರಯತ್ನಗಳನ್ನು ಅನುಸರಿಸಿ ಭಗವಂತನು ಫಲವನ್ನು ಕೊಡುತ್ತಾನೆ. ಆದುದರಿಂದ ಪಕ್ಷಪಾತವೂ ಇಲ್ಲ, ನಿರ್ದಯತೆಯೂ ಇಲ್ಲ. ಅನಾದಿಕರ್ಮದ ಮಾತನ್ನು ವೇದಾಂತದ ಇತರ ಆಚಾರ್ಯರೂ ಒಪ್ಪುತ್ತಾರೆ. ಮಳೆಯು ಎಲ್ಲ ಬೀಜಗಳಿಗೂ ಒಂದೇ, ಬತ್ತ ಬತ್ತವಾಗಿಯೂ ಜವೆ ಜವೆಯಾಗಿಯೂ ಬೆಳೆಯುವುದು ಬೀಜದಿಂದಲೇ ಹೊರತು ಮಳೆಯಿಂದಲ್ಲ ಎಂಬ ಹೋಲಿಕೆಯನ್ನು ಶಂಕರಾಚಾರ್ಯರೇ ಕೊಟ್ಟಿದ್ದಾರೆ. ಆದರೆ ಜೀವರ ಸ್ವಭಾವದಲ್ಲಿಯೇ ಎಂದೂ ಅಳಿಯದ ತಾರತಮ್ಯವಿದೆಯೆಂಬುದು ಮಧ್ವಮತದ ವಿಶೇಷ.

ತರ್ಕದ ದೃಷ್ಟಿಯಿಂದ ಈ ಉತ್ತರಕ್ಕೆ ಬಲವಿದೆಯೆಂಬುದರಲ್ಲಿ ಸಂದೇಹವಿಲ್ಲ. ದೇವರು ಎಲ್ಲವನ್ನೂ ಶೂನ್ಯದಿಂದ ಸೃಷ್ಟಿಸಿದನೆಂದು ಹೇಳುವ ಮತಗಳಿಗೆ ಕೇಡಿನ ಹೊಣೆಯನ್ನು ದೇವರಿಂದ ತಪ್ಪಿಸುವುದು ಕಷ್ಟ. ಕೇಡೆಂಬುದು ಒಂದು ವಸ್ತುವೇ ಅಲ್ಲ, ಒಳಿತಿನ ಕೊರತೆ ಮಾತ್ರ ಎಂದು ಸಂತ ಅಗಸ್ಟೀನನು ಹೇಳಬೇಕಾಯಿತು. ಸಾಧ್ಯವಾದ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮವೆಂದು ಲೈಬ್ನಿಟ್ಸನು 1710ರಲ್ಲಿ ವಾದಿಸಬೇಕಾಯಿತು. 1755ರ ನವೆಂಬರ್ 1ರಂದು ಲಿಸ್ಬನ್ ನಗರವು ಭೂಕಂಪದಲ್ಲಿ ಹಾಳಾದ ಮೇಲೆ ವೋಲ್ಟೇರನು 1759ರ ‘ಕ್ಯಾಂಡೀಡ್’ನಲ್ಲಿ ಆ ವಾದವನ್ನು ನಗೆಗೀಡುಮಾಡಿದನು. ನಮ್ಮ ಆಚಾರ್ಯರಿಗೆ ಆ ಇಕ್ಕಟ್ಟು ಬರಲಿಲ್ಲ.

ಇನ್ನೊಂದು ಕಾರಣಕ್ಕಾಗಿಯೂ ನಾನು ಈ ಮತವನ್ನು ಗೌರವಿಸುತ್ತೇನೆ. ಜಗತ್ತು ಸತ್ಯವೆಂದು ಸಾಧಿಸುವುದೇ ‘ನ್ಯಾಯಾಮೃತ’ದ ಮುಖ್ಯ ಪ್ರಯತ್ನ. ಜಗತ್ತು ಸತ್ಯವಾದರೆ ಅದರಲ್ಲಿಯ ಹಸಿವು, ನೋವು, ಕಣ್ಣೀರು ಇವೂ ಸತ್ಯ. ವ್ಯವಹಾರದಲ್ಲಿ ದುಃಖವಿದೆಯೆಂದು ಅದ್ವೈತಿಗಳೂ ಒಪ್ಪುತ್ತಾರೆ, ನಿಜ. ಆದರೂ ಎದುರಿಗಿರುವವನ ನೋವು ಕಡೆಯವರೆಗೂ ನೋವೇ ಎಂದು ಹೇಳುವ ದರ್ಶನವು ನೀತಿಗೆ ಗಟ್ಟಿಯಾದ ನೆಲವನ್ನು ಕೊಡುತ್ತದೆ.

ಆದರೂ ಎರಡು ಸಂಶಯಗಳು ಉಳಿಯುತ್ತವೆ. ಮೊದಲನೆಯದು: ಅನಾದಿ ಎನ್ನುವುದು ಉತ್ತರವೆ, ಅಥವಾ ಪ್ರಶ್ನೆಯನ್ನು ಹಿಂದಕ್ಕೆ ಹಿಂದಕ್ಕೆ ತಳ್ಳುವುದೆ? ಈ ಜನ್ಮದ ದುಃಖಕ್ಕೆ ಹಿಂದಿನ ಜನ್ಮ, ಅದಕ್ಕೆ ಅದರ ಹಿಂದಿನದು ಎಂದು ಹೋದರೆ ಪ್ರತಿಯೊಂದಕ್ಕೂ ಕಾರಣ ಸಿಕ್ಕೀತು. ಈ ಸರಪಣಿಯೇ ಏಕಿದೆ ಎಂಬುದಕ್ಕೆ ಸಿಗದು. ಎರಡನೆಯದು: ಭಗವಂತನು ಕರ್ಮವನ್ನು ಅನುಸರಿಸುತ್ತಾನೆಂದರೆ ಅವನು ಕರ್ಮಕ್ಕೆ ಅಧೀನನೆ? ಅಲ್ಲ, ಆ ಕರ್ಮದ ಇರವೂ ಅವನ ಅಧೀನವೇ, ಆ ನಿಯಮವನ್ನು ಇಟ್ಟುಕೊಂಡವನೂ ಅವನೇ ಎಂಬುದು ಸಿದ್ಧಾಂತದ ಸಮಾಧಾನ. ಹಾಗಾದರೆ ಸ್ವತಂತ್ರನಾದವನು ಬೇರೆ ನಿಯಮವನ್ನೇಕೆ ಇಡಲಿಲ್ಲವೆಂದು ನನ್ನಂಥ ವಿದ್ಯಾರ್ಥಿಯ ಮನಸ್ಸು ಕೇಳುತ್ತಲೇ ಇರುತ್ತದೆ. ವಿದ್ವಾಂಸರು ಈ ಸಂಶಯಗಳನ್ನು ನನಗಿಂತ ಚೆನ್ನಾಗಿ ಬಿಡಿಸಬಲ್ಲರು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ತರ್ಕದ ತೊಡಕಲ್ಲ, ಈ ಉತ್ತರವನ್ನು ನಾವು ಬಳಸುವ ರೀತಿ.

ಯಾರ ಬಾಯಲ್ಲಿ ಬರುವ ಮಾತು?

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ಅವ್ವನಿಗೆ ಓದು ಬರದು. ಆದರೆ ಕರ್ಮಸಿದ್ಧಾಂತವನ್ನು ಅವಳು ನನಗಿಂತ ಮೊದಲೇ ಬಲ್ಲಳು. ನನಗಿಂತ ಚಿಕ್ಕವಳಾದ ತಂಗಿಯೊಬ್ಬಳು ಎರಡು ವರ್ಷದವಳಿದ್ದಾಗ ಜ್ವರದಿಂದ ತೀರಿಕೊಂಡಳು. ಆಮೇಲೆ ಅವ್ವ ಎಷ್ಟೋ ಸಲ, “ನಾನು ಪಡ್ಕೊಂಡು ಬಂದದ್ದು ಇಷ್ಟೇ ಕಣಪ್ಪ” ಎಂದು ಹೇಳಿ, ಕಣ್ಣೊರಸಿಕೊಂಡು ಗದ್ದೆಯ ಕಳೆ ಕೀಳಲು ಹೋದದ್ದುಂಟು. ಆ ಮಾತು ಅವಳನ್ನು ಎಬ್ಬಿಸಿ ನಿಲ್ಲಿಸಿತು. ಇದೇ ಮಾತನ್ನು ನೋಡಲು ಬಂದವರೂ ಹೇಳಿದರು: “ನೀನು ಪಡ್ಕೊಂಡು ಬಂದದ್ದು ಅಷ್ಟೇ ಕಣವ್ವ.” ಹೇಳಿ ಅವರು ಎದ್ದುಹೋದರು. ಮಾತು ಒಂದೇ; ಆದರೆ ಅವ್ವನ ಬಾಯಲ್ಲಿ ಅದು ಊರುಗೋಲಾಗಿತ್ತು, ಬಂದವರ ಬಾಯಲ್ಲಿ ಅದು ಮುಚ್ಚಿದ ಬಾಗಿಲಾಗಿತ್ತು.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯವಾದ ಮಾತು ಇದೇ. ಕೇಡಿಗೆ ಕೊಡುವ ಉತ್ತರವು ಸತ್ಯವೋ ಸುಳ್ಳೋ ಎಂದು ಕೇಳಿದರೆ ಸಾಲದು. ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆಂದೂ ಕೇಳಬೇಕು. ತನ್ನ ದುಃಖಕ್ಕೆ ತನ್ನ ಕರ್ಮವೇ ಕಾರಣವೆಂದು ಒಬ್ಬನು ತಿಳಿದರೆ ಅದು ಸಹನೆಯಾಗಬಹುದು, ಆತ್ಮಪರೀಕ್ಷೆಯಾಗಬಹುದು. ಮತ್ತೊಬ್ಬನ ದುಃಖಕ್ಕೆ ಆ ಮತ್ತೊಬ್ಬನ ಕರ್ಮವೇ ಕಾರಣವೆಂದು ಹೇಳಿ ಕೈತೊಳೆದುಕೊಂಡರೆ, ಆ ವಿವರಣೆಯೇ ಇನ್ನೊಂದು ಕೇಡಾಗುತ್ತದೆ.

ಈ ಸತ್ಯವನ್ನು ಬೈಬಲ್ಲಿನ ಯೋಬನ ಕಥೆಯಲ್ಲಿ ಬಹು ಚೆನ್ನಾಗಿ ಕಾಣಬಹುದು. ನೀತಿವಂತನಾದ ಯೋಬನು ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡು, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತನು. ಅವನ ಸ್ನೇಹಿತರು ಬಂದು, ನೀನು ಪಾಪ ಮಾಡಿರಲೇಬೇಕು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲವೆಂದು ವಾದಿಸಿದರು. ಅವರು ದೇವರ ಪರವಾಗಿಯೇ ಮಾತನಾಡಿದರು. ಕಡೆಯಲ್ಲಿ ದೇವರು ಸಿಟ್ಟಾದದ್ದು ತನ್ನೊಡನೆ ಜಗಳವಾಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಕಾಲತ್ತು ಹಿಡಿದ ಆ ಸ್ನೇಹಿತರ ಮೇಲೆ! ಜರ್ಮನಿಯ ತತ್ತ್ವಜ್ಞಾನಿ ಕಾಂಟನು 1791ರ ಒಂದು ಪ್ರಬಂಧದಲ್ಲಿ, ಕೇಡಿನ ವಿಷಯದಲ್ಲಿ ದೇವರನ್ನು ಸಮರ್ಥಿಸುವ ತಾತ್ತ್ವಿಕ ಪ್ರಯತ್ನಗಳೆಲ್ಲ ಸೋತಿವೆಯೆಂದು ಹೇಳಿ, ಯೋಬನ ಪ್ರಾಮಾಣಿಕತೆಯನ್ನೇ ಮೆಚ್ಚಿಕೊಂಡನು.

ನಮ್ಮ ದೇಶದಲ್ಲಿಯೂ ಇಂಥ ಒಂದು ಸಂವಾದ ನಡೆದಿದೆ. 1934ರ ಜನವರಿ 15ರಂದು ಬಿಹಾರದಲ್ಲಿ ಭಯಂಕರವಾದ ಭೂಕಂಪವಾಯಿತು. ಅದು ಅಸ್ಪೃಶ್ಯತೆಯೆಂಬ ಪಾಪಕ್ಕೆ ದೇವರು ಕೊಟ್ಟ ದಂಡನೆಯೆಂದು ಗಾಂಧೀಜಿಯವರು ಹೇಳಿದರು. ರವೀಂದ್ರನಾಥ ಠಾಕೂರರು ಇದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಅಸ್ಪೃಶ್ಯತೆಯು ಪಾಪವೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಪ್ರಕೃತಿಯ ಉತ್ಪಾತಕ್ಕೆ ನೈತಿಕ ಕಾರಣವನ್ನು ಹಚ್ಚಬಾರದು, ಹಚ್ಚಿದರೆ ಅದೇ ಆಯುಧವನ್ನು ಎದುರು ಪಕ್ಷದವರೂ ಹಿಡಿಯಬಲ್ಲರು ಎಂಬುದು ಠಾಕೂರರ ವಾದದ ಸಾರ. ಗಾಂಧೀಜಿಯವರ ಪರವಾಗಿ ಒಂದು ಮಾತು ಹೇಳಬೇಕು: ಅವರು ಆ ಪಾಪದಲ್ಲಿ ತಮ್ಮನ್ನೂ ತಮ್ಮ ಜನರನ್ನೂ ಸೇರಿಸಿಕೊಂಡೇ ಮಾತನಾಡಿದರು. ಅದಾಗ್ಯೂ ಈ ವಾದದಲ್ಲಿ ನನ್ನ ಮನಸ್ಸು ಠಾಕೂರರ ಕಡೆಗೇ ವಾಲುತ್ತದೆ. ಗೋಡೆಯಡಿ ಸಿಕ್ಕಿ ಸತ್ತವರಲ್ಲಿ ಅಸ್ಪೃಶ್ಯತೆಯನ್ನು ಅನುಭವಿಸಿದವರೂ ಇರಲಿಲ್ಲವೆ?

ಡಾಕ್ಟರ್ ಅಂಬೇಡ್ಕರರು ಇನ್ನೂ ನೇರವಾಗಿ ಹೇಳಿದರು. 1957ರಲ್ಲಿ, ಅವರ ಮರಣಾನಂತರ, ಪ್ರಕಟವಾದ ಬುದ್ಧ ಮತ್ತು ಧಮ್ಮವನ್ನು ಕುರಿತ ಗ್ರಂಥದಲ್ಲಿ, ಹಿಂದಿನ ಜನ್ಮದ ಕರ್ಮವೆಂಬ ಮಾತು ಬಡವರ ಸ್ಥಿತಿಗೆ ಸಮಾಜವೂ ರಾಜ್ಯವೂ ತಮ್ಮ ಹೊಣೆಯನ್ನು ತಪ್ಪಿಸಿಕೊಳ್ಳಲು ನೆರವಾಯಿತೆಂದು ಅವರು ಟೀಕಿಸಿದ್ದಾರೆ. ಈ ಟೀಕೆಯು ಪುಸ್ತಕದೊಳಗಿನ ಮಾತಲ್ಲವೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದೇವಾಲಯ ಪ್ರವೇಶದ ವಿವಾದದ ಬೆನ್ನಲ್ಲಿ, 1993ರ ಮಾರ್ಚ್ 25ರಂದು ಮೂವರು ದಲಿತರ ಕೊಲೆಯಾಯಿತು. ದೇವರ ಬಾಗಿಲಿನಲ್ಲಿ ಹುಟ್ಟಿದ ಹಗೆ ಅದು. ಅವರ ಮನೆಯವರ ಮುಂದೆ ನಿಂತು ಪೂರ್ವಕರ್ಮದ ವಿಚಾರವನ್ನು ಯಾರು ತಾನೆ ಹೇಳಿಯಾರು? ಅಲ್ಲಿ ಹೇಳಲಾಗದ ಮಾತನ್ನು ಬೇರೆಲ್ಲಿಯೂ ಪರರ ವಿಷಯವಾಗಿ ಹೇಳಬಾರದು.

ಇಷ್ಟು ಹೇಳಿದ ಮೇಲೆ ಸೋಸಲೆಯ ಸಿದ್ಧಾಂತಕ್ಕೆ ನ್ಯಾಯ ಸಲ್ಲಿಸಬೇಕು. ಜೀವರ ತಾರತಮ್ಯವೆಂದರೆ ಜಾತಿಯ ತಾರತಮ್ಯವಲ್ಲ. ಯಾವ ಜೀವನ ಯೋಗ್ಯತೆ ಎಂಥದೆಂಬುದು ಭಗವಂತನಿಗೆ ತಿಳಿದ ವಿಷಯ; ಪಕ್ಕದ ಮನೆಯವನಿಗೆ ಕಾಣುವ ವಿಷಯವಲ್ಲ. ಹಾಗಿರುವಾಗ ಎದುರಿನವನ ಬಡತನವನ್ನೋ ರೋಗವನ್ನೋ ನೋಡಿ ಅವನ ಆತ್ಮದ ಬೆಲೆ ಕಟ್ಟುವವನು ಸಿದ್ಧಾಂತವನ್ನು ಪಾಲಿಸುವುದಿಲ್ಲ, ಮೀರುತ್ತಾನೆ. ವ್ಯಾಸತೀರ್ಥರ ಬಗ್ಗೆ ನಮ್ಮಲ್ಲಿ ಪ್ರಚಲಿತವಾಗಿರುವ ಕಥೆಯೂ ಇದಕ್ಕೆ ಅನುಗುಣವಾಗಿದೆ. ಯಾರೂ ಕಾಣದ ಸ್ಥಳದಲ್ಲಿ ತಿಂದು ಬನ್ನಿರೆಂದು ಅವರು ಶಿಷ್ಯರಿಗೆಲ್ಲ ಒಂದೊಂದು ಬಾಳೆಯ ಹಣ್ಣು ಕೊಟ್ಟರಂತೆ. ಎಲ್ಲರೂ ತಿಂದು ಬಂದರು. ದೇವರಿಲ್ಲದ ಸ್ಥಳ ಸಿಗಲಿಲ್ಲವೆಂದು ಕನಕದಾಸರು ಮಾತ್ರ ಹಣ್ಣನ್ನು ಹಾಗೆಯೇ ತಂದೊಪ್ಪಿಸಿದರು. ಕನಕರನ್ನು ಕೀಳಾಗಿ ಕಂಡ ಶಿಷ್ಯರಿಗೆ ಗುರುಗಳು ಕಲಿಸಿದ ಪಾಠ ಅದು. ಹುಟ್ಟಿನಿಂದ ಯೋಗ್ಯತೆಯನ್ನು ಅಳೆಯಬೇಡಿರೆಂಬುದೇ ಅದರ ತಾತ್ಪರ್ಯವಲ್ಲವೆ?

ನಂಜನಗೂಡಿನ ಉತ್ತರ: ನಂಜು

ಈಗ ಮೂರನೆಯ ಉತ್ತರಕ್ಕೆ ಬರೋಣ. ದೇವದಾನವರು ಅಮೃತಕ್ಕಾಗಿ ಕಡಲನ್ನು ಕಡೆದರು. ಅಮೃತಕ್ಕೆ ಮುಂಚೆ ಹಾಲಾಹಲವೆಂಬ ವಿಷವು ಎದ್ದು ಲೋಕವನ್ನೇ ಸುಡತೊಡಗಿತು. ಆಗ ಶಿವನು ಅದನ್ನು ಕುಡಿದು, ಕಂಠದಲ್ಲಿ ನಿಲ್ಲಿಸಿಕೊಂಡು, ನಂಜುಂಡನಾದನು, ಶ್ರೀಕಂಠನಾದನು. ಆ ನಂಜುಂಡೇಶ್ವರನ ಊರೇ ನಂಜನಗೂಡು. ರೋಗರುಜಿನದವರು ಅವನ ಬಳಿಗೆ ಬಂದು ಕಪಿಲೆಯಲ್ಲಿ ಮಿಂದು ಉರುಳುಸೇವೆ ಮಾಡುವುದು ಇಂದಿಗೂ ಉಂಟು. ಆನೆಯ ಕಣ್ಣು ವಾಸಿಯಾದುದರಿಂದ ಟಿಪ್ಪು ಸುಲ್ತಾನನು ಅವನನ್ನು ಹಕೀಂ ನಂಜುಂಡನೆಂದು ಕರೆದನೆಂಬ ಐತಿಹ್ಯವೂ ಇದೆ. ವೈದ್ಯನಿಗೆ ಜಾತಿಯಿಲ್ಲ, ಮತವಿಲ್ಲ.

ಈ ಕಥೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಕೇಡಿನ ಪ್ರಶ್ನೆಗೆ ಇದು ಕೊಡುವ ಉತ್ತರವನ್ನು ಗಮನಿಸಿದವರು ಕಡಮೆ. ವಿಷವು ಎದ್ದಾಗ, ಇದು ಯಾರ ಕರ್ಮದ ಫಲವೆಂಬ ವಿಚಾರಣೆ ನಡೆಯಲಿಲ್ಲ. ದೇವತೆಗಳ ಪಾಲೆಷ್ಟು, ರಾಕ್ಷಸರ ಪಾಲೆಷ್ಟು ಎಂದು ಶಿವನು ಲೆಕ್ಕಹಾಕಲಿಲ್ಲ. ಕಡೆದವರು ಅವರು, ಅಮೃತದಲ್ಲಿ ಪಾಲು ಬೇಕಾದವರೂ ಅವರೇ, ವಿಷವನ್ನು ಮಾತ್ರ ಅದರಲ್ಲಿ ಯಾವ ತಪ್ಪೂ ಇಲ್ಲದವನು ಕುಡಿದನು. ವಿಷವು ಅಮೃತವಾಗಲೂ ಇಲ್ಲ, ಮಾಯವಾಗಲೂ ಇಲ್ಲ. ಕಂಠದಲ್ಲಿ ನೀಲಿಯಾಗಿ ನಿಂತಿತು. ಕೇಡು ನಿಜ, ಅದನ್ನು ಯಾರಾದರೂ ತಡೆದು ಹಿಡಿಯಬೇಕು, ಹಿಡಿದವನಿಗೆ ಕಲೆ ಉಳಿಯುತ್ತದೆ. ಇದು ಕೇಡಿನ ವಿವರಣೆಯಲ್ಲ, ಕೇಡಿನೆದುರು ಮಾಡಬೇಕಾದ ಕೆಲಸ.

ಪುರಾಣದ ವಿಷವು ನಮ್ಮ ಕಾಲದಲ್ಲಿ ನಿಜವಾದ ವಿಷವಾಗಿಯೇ ಬಂತು. 2018ರ ಡಿಸೆಂಬರ್ 14ರಂದು, ನೆರೆಯ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ, ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದಕ್ಕೆ ಕೀಟನಾಶಕ ಬೆರೆತಿತ್ತು. ಭಕ್ತಿಯಿಂದ ಕೈಯೊಡ್ಡಿ ತಿಂದವರಲ್ಲಿ 17 ಜನ ಸತ್ತರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ದೇವರ ಸನ್ನಿಧಿಯಲ್ಲಿ, ದೇವರ ಹೆಸರಿನ ಅನ್ನದಲ್ಲಿ ಮನುಷ್ಯನ ಕೇಡು! ಎಪಿಕ್ಯೂರಸನ ಪ್ರಶ್ನೆಯನ್ನು ಇದಕ್ಕಿಂತ ಕಠೋರವಾಗಿ ಕೇಳುವುದು ಸಾಧ್ಯವಿಲ್ಲ. ಶಾಪವೆಂದರೆ ಯಾರ ಶಾಪ? ಕರ್ಮವೆಂದರೆ ಹಸಿದು ಬಂದ ಕೂಲಿಯವರ ಕರ್ಮವೆ? ಆ ದಿನ ನೆರವಾದವರು ಸಿಕ್ಕ ವಾಹನದಲ್ಲಿ ರೋಗಿಗಳನ್ನು ಸಾಗಿಸಿದವರು, ಹಗಲಿರುಳು ನಿಂತು ಶುಶ್ರೂಷೆ ಮಾಡಿದ ಮೈಸೂರಿನ ವೈದ್ಯರು ಮತ್ತು ದಾದಿಯರು, ಸತ್ಯವನ್ನು ಹೊರತೆಗೆಯಲು ಹೊರಟ ಪೊಲೀಸಿನವರು. ಇವರೆಲ್ಲ ತಮ್ಮ ತಮ್ಮ ಮಟ್ಟಿಗೆ ನಂಜನ್ನು ತಡೆದು ನಿಲ್ಲಿಸಿದವರೇ.

ನಮ್ಮ ತಂಗಿ ತೀರಿಕೊಂಡಾಗಲೂ ಪಕ್ಕದ ಮನೆಯ ಅಜ್ಜಿಯೊಬ್ಬರು ಬಂದಿದ್ದರು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಷ್ಟೆ. ಅವರು ಕರ್ಮದ ಮಾತನ್ನು ಎತ್ತಲೇ ಇಲ್ಲ. ಮುದ್ದೆ ಸಾರು ತಂದು, ಅವ್ವನ ಮುಂದಿಟ್ಟು, ಅವಳು ಎರಡು ತುತ್ತು ತಿನ್ನುವವರೆಗೂ ಕುಳಿತಿದ್ದು ಹೋದರು. ಅವ್ವನು ಇಂದಿಗೂ ನೆನೆಯುವುದು ಅವರನ್ನೇ.

ಒಂದು ಆಕ್ಷೇಪ

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಕೇಡಿನ ಕಾರಣವನ್ನು ಕೇಳಬೇಡ, ಸುಮ್ಮನೆ ಕೆಲಸ ಮಾಡು ಎಂದರೆ ವಿಚಾರಕ್ಕೇ ಬೆನ್ನು ತಿರುಗಿಸಿದಂತಾಗುವುದಿಲ್ಲವೆ? ಕಾಲೇಜಿನಲ್ಲಿ ಕಲಿತವನು ಹೇಳುವ ಮಾತೆ ಇದು?

ಆಕ್ಷೇಪವು ಯುಕ್ತವಾದದ್ದೆ. ಆದರೆ ಕಾರಣವನ್ನು ಹುಡುಕುವುದು ಬೇರೆ, ತಪ್ಪಿತಸ್ಥನನ್ನು ಹುಡುಕುವುದು ಬೇರೆ. 1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಿತು. ಮಾರಿಯ ಮುನಿಸೆಂದು ಜನರು ಹರಕೆ ಹೊತ್ತರು. ಪ್ಲೇಗಿನ ಮಾರಮ್ಮನಿಗೆ ಗುಡಿಗಳೂ ಎದ್ದುವು. ಅದೇ ವರ್ಷ ಕರಾಚಿಯಲ್ಲಿ ಸೀಮಂಡ್ ಎಂಬ ಫ್ರೆಂಚ್ ವೈದ್ಯನು ಇಲಿಯ ಮೈಯ ಚಿಗಟದಿಂದ ಈ ರೋಗ ಹರಡುತ್ತದೆಂದು ತೋರಿಸಿಕೊಟ್ಟನು. ರೋಗದ ಜೀವಾಣುವನ್ನು ಯೆರ್ಸಿನ್ ಎಂಬವನು 1894ರಲ್ಲಿಯೇ ಹಾಂಕಾಂಗಿನಲ್ಲಿ ಕಂಡುಹಿಡಿದಿದ್ದನು. ನಮ್ಮ ಹಳ್ಳಿಯ ಹಿರಿಯರೂ ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದನ್ನು ಕಲಿತರು. ಇದು ಕಾರಣದ ಹುಡುಕಾಟ. ಇದರಿಂದ ಜೀವ ಉಳಿಯುತ್ತದೆ. ಸತ್ತವನು ಯಾವ ಪಾಪ ಮಾಡಿದ್ದನೆಂದು ಕೇಳುವುದು ತಪ್ಪಿತಸ್ಥನ ಹುಡುಕಾಟ. ಇದರಿಂದ ಯಾವ ಜೀವವೂ ಉಳಿಯುವುದಿಲ್ಲ, ಬದುಕಿರುವವನ ಮಾನವೂ ಹೋಗುತ್ತದೆ. ತಲಕಾಡಿನ ಮರಳಿಗೆ ಅಣೆಕಟ್ಟನ್ನು ಕಾರಣವೆನ್ನುವವನು ಮುಂದಿನ ಅಣೆಕಟ್ಟನ್ನು ಎಚ್ಚರಿಕೆಯಿಂದ ಕಟ್ಟಿಯಾನು. ನೈತಿಕ ಕೇಡಿನಲ್ಲಿ ಮಾತ್ರ ತಪ್ಪಿತಸ್ಥನನ್ನು ಹುಡುಕುವುದೂ ಅವಶ್ಯವೆ. ಆದರೆ ಅಲ್ಲಿ ಹುಡುಕಬೇಕಾದದ್ದು ವಿಷ ಹಾಕಿದವನನ್ನು. ವಿಷ ತಿಂದವನ ಹಿಂದಿನ ಜನ್ಮವನ್ನಲ್ಲ.

ಇನ್ನು ಧರ್ಮಕ್ಕೂ ನೀತಿಗೂ ಇರುವ ಸಂಬಂಧ. ದೇವರು ಮೆಚ್ಚಿದ್ದರಿಂದ ಒಳ್ಳೆಯದು ಒಳ್ಳೆಯದಾಯಿತೆ, ಅಥವಾ ಒಳ್ಳೆಯದಾದ್ದರಿಂದ ದೇವರು ಅದನ್ನು ಮೆಚ್ಚಿದನೆ ಎಂಬ ಪ್ರಶ್ನೆಯನ್ನು ಪ್ಲೇಟೋವಿನ ‘ಯೂಥಿಫ್ರೋ’ ಸಂವಾದದಲ್ಲಿ ಸಾಕ್ರಟೀಸನು ಕೇಳುತ್ತಾನೆ. ನನಗೆ ತೋರುವಂತೆ, ನಂಜುಂಡನ ಕಥೆಯಲ್ಲಿ ಇದಕ್ಕೂ ಸೂಚನೆಯಿದೆ. ವಿಷವನ್ನು ಕುಡಿದುದರಿಂದ ಶಿವನನ್ನು ನಾವು ಮೆಚ್ಚುತ್ತೇವೆ. ಶಿವನು ಕುಡಿದನೆಂಬ ಕಾರಣಕ್ಕೆ ಮಾತ್ರ ವಿಷ ಕುಡಿಯುವುದು ದೊಡ್ಡದಾಗಲಿಲ್ಲ. ಪರರ ಕೇಡನ್ನು ತಡೆಯುವುದು ಒಳ್ಳೆಯದೆಂಬುದನ್ನು ಆಸ್ತಿಕನೂ ನಾಸ್ತಿಕನೂ ಒಪ್ಪಬಲ್ಲರು. ಆಸ್ತಿಕನಿಗೆ ಅದರಲ್ಲಿ ದೇವರೂ ಜೊತೆಗಿದ್ದಾನೆಂಬ ಧೈರ್ಯವೊಂದು ಹೆಚ್ಚು.

ಉಪಸಂಹಾರ

ತಲಕಾಡಿನ ಉತ್ತರದಿಂದ, ಬಲವಂತನ ಅನ್ಯಾಯವನ್ನು ಮರೆಯಬಾರದೆಂಬುದನ್ನು ಕಲಿಯೋಣ. ಆದರೆ ಒಬ್ಬನ ತಪ್ಪಿಗೆ ಇನ್ನೊಬ್ಬನನ್ನು ದಂಡಿಸುವುದನ್ನು ಬಿಡೋಣ. ಸೋಸಲೆಯ ಉತ್ತರದಿಂದ, ಲೋಕವೂ ಅದರ ದುಃಖವೂ ಸತ್ಯ, ನನ್ನ ಕೃತ್ಯಕ್ಕೆ ನಾನೇ ಹೊಣೆ ಎಂಬುದನ್ನು ಕಲಿಯೋಣ. ಆದರೆ ಆ ಅಳತೆಗೋಲನ್ನು ನಮ್ಮ ಮೇಲೆ ಮಾತ್ರ ಇಟ್ಟುಕೊಳ್ಳೋಣ. ನಂಜನಗೂಡಿನ ಉತ್ತರದಿಂದ, ಎದುರಿಗೆ ಬಂದ ಕೇಡನ್ನು ಕೈಲಾದಷ್ಟು ತಡೆದು ನಿಲ್ಲಿಸುವುದನ್ನು ಕಲಿಯೋಣ.

ಈ ಕಾಲೇಜಿನಲ್ಲಿ ನನ್ನಂತೆ ತಮ್ಮ ಮನೆಯಲ್ಲಿ ಮೊದಲಿಗರಾಗಿ ಓದುತ್ತಿರುವ ಗೆಳೆಯ ಗೆಳತಿಯರು ಅನೇಕರಿದ್ದಾರೆ. ನಾಳೆ ನಮ್ಮಲ್ಲಿ ಒಬ್ಬರು ಶಾಲೆಯ ಮೇಷ್ಟ್ರಾಗುತ್ತೇವೆ, ಒಬ್ಬರು ತಾಲ್ಲೂಕು ಕಛೇರಿಯಲ್ಲಿ ಗುಮಾಸ್ತರಾಗುತ್ತೇವೆ, ಒಬ್ಬರು ಆಸ್ಪತ್ರೆಯಲ್ಲಿಯೋ ಪೊಲೀಸು ಠಾಣೆಯಲ್ಲಿಯೋ ಮೇಜಿನ ಹಿಂದೆ ಕುಳಿತಿರುತ್ತೇವೆ. ನಮ್ಮ ಅವ್ವ ಅಪ್ಪನಂಥವರು ಅರ್ಜಿ ಹಿಡಿದು ಎದುರಿಗೆ ನಿಲ್ಲುತ್ತಾರೆ. ಅವರ ಹಣೆಯಲ್ಲಿ ಬರೆದದ್ದು ಅಷ್ಟೇ ಎಂದು ಕಡತವನ್ನು ಪಕ್ಕಕ್ಕಿಡುವುದು ಬಹಳ ಸುಲಭ. ಕೇಡು ಲೋಕಕ್ಕೆ ಎಲ್ಲಿಂದ ಬಂತೆಂಬ ಪ್ರಶ್ನೆಗೆ ದಾರ್ಶನಿಕರು ಇನ್ನೂ ಉತ್ತರ ಹುಡುಕುತ್ತಿರಲಿ. ನಾವೂ ಬಿಡುವಾದಾಗ ಅವರೊಡನೆ ಹುಡುಕೋಣ. ಆದರೆ ಎದುರಿಗೆ ನಿಂತವರ ಕಷ್ಟವು ನಮ್ಮ ಮೇಜನ್ನು ದಾಟಿ ಮುಂದಕ್ಕೆ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇದೆ.